ಗುರು, ಗುಂಪು, ದುಡ್ಡು: ದಾವಣಗೆರೆ–ಚಿತ್ರದುರ್ಗದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿ ಮಾಡಿ ನಿವೃತ್ತನಾದವನು. ಮಗಳ ಮದುವೆಗೆಂದು ಇಟ್ಟ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿ, ‘ಗುರುಗಳ ಕಾರ್ಯಕ್ಕೆ ಬೇಕು’ ಎಂದು ನಗದು ಒಯ್ದವರನ್ನು ಕೌಂಟರಿನ ಈ ಬದಿಯಿಂದ ನೋಡಿದ್ದೇನೆ. ಈಗ ಅಂಥ ಮನೆಯವರು ಹುಡುಕಿಕೊಂಡು ಬರುತ್ತಾರೆ. ಪರಿಚಯದ ವಕೀಲರನ್ನೂ ಮನೋವೈದ್ಯರನ್ನೂ ಕೇಳಿ, ತಿಳಿದಷ್ಟು ಹೇಳುತ್ತೇನೆ. ಮನೆ ಬೇರೆಯಾದರೂ ಪ್ರಶ್ನೆ ಅದೇ ಇರುತ್ತದೆ. ಅದಕ್ಕೇ ಬರೆದಿಟ್ಟೆ.

ಯಾವ್ಯಾವ ಗುಂಪು ಕೆಟ್ಟದ್ದು? ಒಂದು ಪಟ್ಟಿ ಕೊಡಿ ಸಾರ್.

ಪಟ್ಟಿ ಕೊಡುವುದಿಲ್ಲ. ಹೆಸರು ದಿನಬೆಳಗಾದರೆ ಬದಲಾಗುತ್ತದೆ. ಒಂದೇ ಗುಂಪು ಒಂದು ಬಡಾವಣೆಯಲ್ಲಿ ಧ್ಯಾನ ಶಿಬಿರದ ಬೋರ್ಡು ಹಾಕಿದರೆ, ಇನ್ನೊಂದರಲ್ಲಿ ವ್ಯಕ್ತಿತ್ವ ವಿಕಸನದ ಬೋರ್ಡು ಹಾಕುತ್ತದೆ. ಪಟ್ಟಿ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಪಟ್ಟಿ ಕೈಗೆ ಸಿಕ್ಕ ಕೂಡಲೇ ಜನ ತಮ್ಮ ಧರ್ಮದ ಗುಂಪನ್ನು ಅದರಿಂದ ಹೊಡೆದುಹಾಕಿ, ಪಕ್ಕದವರದ್ದನ್ನು ಉಳಿಸಿಕೊಳ್ಳುತ್ತಾರೆ. ಈ ರೋಗ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ನೋಡಿ ಬರುವುದಿಲ್ಲ. ದೇವರ ಮಾತೇ ಇಲ್ಲದ ‘ಯಶಸ್ಸಿನ ತರಬೇತಿ’ಯಲ್ಲೂ ಇದು ಇದೆ.

ಅವರು ಏನನ್ನು ನಂಬುತ್ತಾರೆ ಎಂಬುದು ನನಗೆ ಬೇಡ. ಸಂವಿಧಾನದ 25ನೇ ವಿಧಿ ಯಾರಿಗೂ ತಮಗೆ ಕಂಡದ್ದನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಕೊಟ್ಟಿದೆ. ನಾನು ನೋಡುವುದು ನಡವಳಿಕೆಯನ್ನು. ಮೊದಲ ದಿನವೇ ತಾವು ಯಾರೆಂದು ನಿಜ ಹೇಳಿದರೇ? ಬಂದ ದುಡ್ಡಿಗೆ ಲೆಕ್ಕ ತೋರಿಸುತ್ತಾರೆಯೇ? ‘ನನಗೆ ಸಾಕು’ ಎಂದು ಎದ್ದವರನ್ನು ಸುಮ್ಮನೆ ಬಿಡುತ್ತಾರೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಗುಂಪಿನ ಗುಣ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಇಂಥವರು ಯಾರನ್ನು ಹುಡುಕುತ್ತಾರೆ?

ದಾವಣಗೆರೆ ಕಾಲೇಜುಗಳ ಊರು, ಆಸ್ಪತ್ರೆಗಳ ಊರು. ಇಂಜಿನಿಯರಿಂಗ್, ಮೆಡಿಕಲ್ ಓದಲು ಹೊರಗಿನಿಂದ ಬಂದ ಮಕ್ಕಳು ಪಿ.ಜಿ., ಹಾಸ್ಟೆಲುಗಳಲ್ಲಿದ್ದಾರೆ. ಜಗಳೂರು, ಹೊನ್ನಾಳಿ, ಹರಪನಹಳ್ಳಿ, ಚಳ್ಳಕೆರೆ ಕಡೆಯಿಂದ ರೋಗಿಯನ್ನು ಕರೆತಂದವರು ಆಸ್ಪತ್ರೆ ಮೆಟ್ಟಿಲ ಮೇಲೆ ರಾತ್ರಿ ಕಳೆಯುತ್ತಾರೆ. ಇಬ್ಬರೂ ಮನೆಯಿಂದ ದೂರ ಇದ್ದಾರೆ, ಇಬ್ಬರಿಗೂ ಮಾತನಾಡುವ ಜೀವವೊಂದು ಬೇಕಾಗಿದೆ. ಗುಂಪಿನವರಿಗೆ ಅದು ಚೆನ್ನಾಗಿ ಗೊತ್ತು.

ದಡ್ಡರು ಮಾತ್ರ ಸಿಕ್ಕಿಬೀಳುತ್ತಾರೆ ಎನ್ನುವ ಮಾತನ್ನು ದಯವಿಟ್ಟು ಬಿಡಿ. ನನ್ನ ಬಳಿ ಬಂದ ಮನೆಗಳಲ್ಲಿ ಉಪನ್ಯಾಸಕರಿದ್ದರು, ಸಾಫ್ಟ್‌ವೇರ್ ಹುಡುಗರಿದ್ದರು, ಲೆಕ್ಕಪತ್ರದಲ್ಲಿ ಪಳಗಿದ ವ್ಯಾಪಾರಿಗಳಿದ್ದರು. ಗಂಡ ತೀರಿಕೊಂಡ ವರ್ಷ, ಬ್ಯಾಕ್‌ಲಾಗ್ ಉಳಿದ ಸೆಮಿಸ್ಟರ್, ಮಕ್ಕಳಾಗಲಿಲ್ಲವೆಂಬ ಕೊರಗು, ಅಂಗಡಿ ಮುಚ್ಚಿದ ತಿಂಗಳು: ಇಂಥ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಪ್ರೀತಿಯಿಂದ ಮಾತನಾಡಿಸಿದರೆ ಬುದ್ಧಿವಂತರೂ ಎದ್ದು ಅವರ ಹಿಂದೆ ಹೋಗುತ್ತಾರೆ.

ಹಳ್ಳಿ ಕಡೆ ಕಾಲ ನೋಡಿ ಬರುವವರಿದ್ದಾರೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ, ಬಯಲು ಸೀಮೆಯಲ್ಲಿ ಮೆಕ್ಕೆಜೋಳ, ಶೇಂಗಾ ಮಾರಾಟವಾದಾಗ ಮನೆ ಮನೆ ಭೇಟಿ ಹೆಚ್ಚುತ್ತದೆ.

ಮೊದಲ ಭೇಟಿ ಹೇಗಿರುತ್ತದೆ?

ಬಹಳ ಹಿತವಾಗಿರುತ್ತದೆ. ಅದನ್ನು ಮರೆತರೆ ಮುಂದಿನದ್ದು ಅರ್ಥವಾಗುವುದಿಲ್ಲ. ಕಾಲೇಜು ಗೇಟಿನಲ್ಲಿ ಒಂದು ಸರ್ವೆ ಫಾರಂ, ಉಚಿತ ‘ಒತ್ತಡ ಪರೀಕ್ಷೆ’, ಉಚಿತ ಸ್ಪೋಕನ್ ಇಂಗ್ಲಿಷ್ ತರಗತಿ, ಪಾರ್ಕಿನಲ್ಲಿ ಉಸಿರಾಟದ ಪಾಠ. ಫಾರಂನಲ್ಲಿ ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ. ಸಂಜೆಯೇ ಕರೆ ಬರುತ್ತದೆ: ‘ಊಟ ಆಯ್ತಾ ತಮ್ಮಾ? ನಿನ್ನ ಮುಖ ನೋಡಿದಾಗಿನಿಂದ ಮನಸ್ಸಿಗೆ ಏನೋ ಅನ್ನಿಸಿತು.’ ಹುಟ್ಟಿದ ದಿನ ನೆನಪಿಟ್ಟು ಹಾರೈಸುತ್ತಾರೆ. ಜ್ವರ ಬಂದರೆ ಗಂಜಿ ತಂದುಕೊಡುತ್ತಾರೆ. ಹೀಗೆ ಒಮ್ಮೆಲೇ ಪ್ರೀತಿಯ ಮಳೆ ಸುರಿಸಿ ಹತ್ತಿರ ಮಾಡಿಕೊಳ್ಳುವ ಪದ್ಧತಿ ಜಗತ್ತಿನ ಬೇರೆ ಬೇರೆ ಕಡೆಯ ಗುಂಪುಗಳಲ್ಲಿ ದಾಖಲಾಗಿದೆ.

ಆಮೇಲೆ ಮೂರು ದಿನದ ಶಿಬಿರ. ಊರಿಂದ ದೂರದ ತೋಟ ಅಥವಾ ಕಲ್ಯಾಣ ಮಂಟಪ. ಬಂದ ಕೂಡಲೇ ಮೊಬೈಲ್ ಕೊಡಬೇಕು. ನಿದ್ದೆ ಕಡಿಮೆ, ಊಟ ಹಗುರ, ಬೆಳಗ್ಗೆ ನಾಲ್ಕರಿಂದ ರಾತ್ರಿಯವರೆಗೆ ಬಿಡುವಿಲ್ಲದ ಕಾರ್ಯಕ್ರಮ. ಹೊಸಬರನ್ನು ಒಬ್ಬರಿಗೊಬ್ಬರು ಮಾತನಾಡಲು ಬಿಡದೆ, ಪ್ರತಿಯೊಬ್ಬರ ಪಕ್ಕ ಒಬ್ಬ ಹಳಬ ಇರುತ್ತಾನೆ. ಎರಡನೇ ರಾತ್ರಿ ಎಲ್ಲರೂ ತಮ್ಮ ಬದುಕಿನ ಗುಟ್ಟು, ತಪ್ಪು, ಮನೆಯ ಜಗಳ ಹೇಳಿಕೊಂಡು ಅಳಬೇಕು. ಅತ್ತ ಮೇಲೆ ಮನಸ್ಸು ಹಗುರಾಗುವುದು ಸಹಜ. ಹಗುರಾದದ್ದಕ್ಕೆ ಗುರುಗಳ ಶಕ್ತಿಯೇ ಕಾರಣ ಎಂದು ಅವರು ಹೇಳುತ್ತಾರೆ. ಹೇಳಿಕೊಂಡ ಗುಟ್ಟೆಲ್ಲ ಅವರ ಬಳಿ ಉಳಿಯುತ್ತದೆ. ಮುಂದೆ ಬಿಟ್ಟುಹೋಗುತ್ತೇನೆ ಎಂದಾಗ ಅದು ಹೊರಗೆ ಬರುತ್ತದೆ. ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್ ಚೀನಾದ ‘ವಿಚಾರ ಸುಧಾರಣೆ’ ಶಿಬಿರಗಳಿಂದ ಹೊರಬಂದವರನ್ನು ಅಧ್ಯಯನ ಮಾಡಿ 1961ರಲ್ಲೇ ಈ ಲಕ್ಷಣಗಳನ್ನು ಗುರುತಿಸಿದ್ದರು. ಯಾರ ಜೊತೆ ಮಾತನಾಡಬೇಕೆಂದು ಅವರೇ ನಿರ್ಧರಿಸುವುದು, ತಪ್ಪೊಪ್ಪಿಗೆಯನ್ನು ಕಡ್ಡಾಯ ಮಾಡುವುದು, ಅನುಮಾನವೇ ಪಾಪ ಎಂದು ಕಲಿಸುವುದು ಅವುಗಳಲ್ಲಿ ಸೇರಿವೆ.

ಶಿಬಿರಕ್ಕೆ ಹೋಗುವುದೇ ತಪ್ಪು ಎನ್ನುತ್ತಿಲ್ಲ. ಮೌನದ ಶಿಬಿರ ನಡೆಸುವ ಪ್ರಾಮಾಣಿಕರೂ ಇದ್ದಾರೆ. ಅವರು ಮೌನ ಎಷ್ಟು ದಿನ, ಊಟ ಏನು, ಹೇಳುವವರು ಯಾರು ಎಂಬುದನ್ನೆಲ್ಲ ಮೊದಲೇ ಕಾಗದದಲ್ಲಿ ಕೊಡುತ್ತಾರೆ, ನಡುವೆ ಎದ್ದು ಹೋದರೆ ಬಸ್‌ಸ್ಟ್ಯಾಂಡಿಗೆ ದಾರಿಯನ್ನೂ ತೋರಿಸುತ್ತಾರೆ.

ದುಡ್ಡು ಯಾವಾಗ, ಹೇಗೆ ಕೇಳುತ್ತಾರೆ?

ಮೊದಲು ಕೇಳುವುದೇ ಇಲ್ಲ. ‘ಇಲ್ಲಿ ಎಲ್ಲ ಉಚಿತ’ ಎಂಬ ಮಾತು ಮನೆಯವರ ಬಾಯಿ ಮುಚ್ಚಿಸಲು ಸಾಕು. ನಂತರ ಪುಸ್ತಕ, ಮಾಲೆ, ಫೋಟೊ, ಐನೂರು, ಸಾವಿರ. ಆಮೇಲೆ ‘ಎರಡನೇ ಹಂತ’. ಮೇಲಿನ ಹಂತದಲ್ಲಿ ಏನಿದೆ ಎಂದು ಕೆಳಗಿನವರಿಗೆ ಹೇಳುವುದಿಲ್ಲ, ಹಂತ ಏರಿದಂತೆ ಬೆಲೆಯೂ ಏರುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಎಲ್. ರಾನ್ ಹಬ್ಬರ್ಡ್ ಶುರು ಮಾಡಿದ ಸೈಂಟಾಲಜಿ ಇದಕ್ಕೆ ಹೆಸರುವಾಸಿ. ಉಚಿತ ವ್ಯಕ್ತಿತ್ವ ಪರೀಕ್ಷೆಯಿಂದ ಒಳಗೆ ಕರೆದು, ‘ಆಡಿಟಿಂಗ್’ ಎಂಬ ಪ್ರಶ್ನೋತ್ತರಕ್ಕೆ ಹಂತ ಹಂತವಾಗಿ ಹಣ ಪಡೆಯುವ ವ್ಯವಸ್ಥೆ ಅದು. 2009ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಅದರ ಫ್ರೆಂಚ್ ಶಾಖೆಯನ್ನು ಸಂಘಟಿತ ವಂಚನೆಯ ಅಪರಾಧಿ ಎಂದಿತು. 2013ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಇನ್ನೊಂದು ದಾರಿ ಭಯ. ನಮ್ಮಲ್ಲಿ ಪಿತೃದೋಷ, ನಾಗದೋಷ, ‘ಮನೆಗೆ ಯಾರೋ ಮಾಡಿಸಿದ್ದಾರೆ’ ಎನ್ನುತ್ತಾರೆ. ಜಪಾನಿನಲ್ಲೂ ಹೆಚ್ಚುಕಡಿಮೆ ಇದೇ ಮಾತು ಆಡಿ ದಕ್ಷಿಣ ಕೊರಿಯಾ ಮೂಲದ ಯೂನಿಫಿಕೇಶನ್ ಚರ್ಚ್ ಎಂಬ ಧಾರ್ಮಿಕ ಸಂಘಟನೆಯವರು ಹೂದಾನಿ, ಮುದ್ರೆಗಳನ್ನು ವಿಪರೀತ ಬೆಲೆಗೆ ಮಾರಿದರು, ಪೂರ್ವಜರ ಕರ್ಮ ಕಳೆಯಲು ಕಾಣಿಕೆ ಕೇಳಿದರು. 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಗುಂಡಿಕ್ಕಿ ಕೊಂದವನ ತಾಯಿ ಆ ಚರ್ಚಿಗೆ ಸುಮಾರು ಹತ್ತು ಕೋಟಿ ಯೆನ್ ಕೊಟ್ಟು ಮನೆ ಮುಳುಗಿಸಿಕೊಂಡಿದ್ದಳು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಮನೆಯ ಕಥೆ ಹೊರಬಂದ ಮೇಲೆ ಜಪಾನ್ 2022ರ ಡಿಸೆಂಬರ್‌ನಲ್ಲಿ ಹೆದರಿಸಿ ದೇಣಿಗೆ ಪಡೆಯುವುದನ್ನು ತಡೆಯುವ ಕಾನೂನು ಮಾಡಿತು. 2025ರ ಮಾರ್ಚ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಆ ಸಂಸ್ಥೆಯ ವಿಸರ್ಜನೆಗೆ ಆದೇಶಿಸಿತು.

ಮೂರನೆಯದು ಹೂಡಿಕೆಯ ವೇಷ. ‘ದೇವರ ಕೆಲಸಕ್ಕೆ ದುಡ್ಡು ಹಾಕು, ತಿಂಗಳು ತಿಂಗಳು ಲಾಭ ಬರುತ್ತದೆ’ ಎಂದರೆ ಅದು ದಾನವೂ ಅಲ್ಲ, ಭಕ್ತಿಯೂ ಅಲ್ಲ. ಬೆಂಗಳೂರಿನ ಐ.ಎಂ.ಎ. ಎಂಬ ಕಂಪನಿ ‘ಹಲಾಲ್ ಹೂಡಿಕೆ’ ಎಂದೇ ಜನರನ್ನು ಸೆಳೆದಿತ್ತು. 2019ರ ಜೂನ್‌ನಲ್ಲಿ ಅದು ಬಾಗಿಲು ಹಾಕಿದಾಗ ದೂರು ಕೊಡಲು ಸಾವಿರಾರು ಜನ ಸಾಲುಗಟ್ಟಿ ನಿಂತರು. ಇಂಥದ್ದಕ್ಕೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, ಕರ್ನಾಟಕದ್ದೇ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಎರಡೂ ಇವೆ.

ಕೈಯಲ್ಲಿ ದುಡ್ಡಿಲ್ಲ ಎಂದವರಿಗೆ ಗುಂಪಿನವರೇ ದಾರಿ ಹೇಳಿಕೊಡುತ್ತಾರೆ: ಬಂಗಾರ ಅಡ ಇಡು, ಸಂಘದಲ್ಲಿ ಸಾಲ ಎತ್ತು, ಚೀಟಿ ಕೂಗು, ಆ್ಯಪ್‌ನಲ್ಲಿ ಸಾಲ ತೆಗೆ. ಸಾಲ ಮಾಡಿಸಿ ಕಾಣಿಕೆ ತೆಗೆದುಕೊಳ್ಳುವವರನ್ನು ನಾನು ಯಾವ ಕಾರಣಕ್ಕೂ ಧಾರ್ಮಿಕರು ಎಂದು ಕರೆಯಲಾರೆ.

ನಾವು ಮಠಕ್ಕೆ, ದೇವಸ್ಥಾನಕ್ಕೆ ಕೊಡುವುದೂ ಹೀಗೆಯೇ ಅಲ್ಲವೇ? ಚರ್ಚಿನಲ್ಲಿ ದಶಮಾಂಶ ಕೊಡುವುದಿಲ್ಲವೇ?

ಕೇಳಬೇಕಾದ ಪ್ರಶ್ನೆ. ಕೊಡುವುದರಲ್ಲಿ ತಪ್ಪಿಲ್ಲ. ಈ ಸೀಮೆ ಕೊಟ್ಟು ಬದುಕಿದ ಸೀಮೆ. ಮಠದ ದಾಸೋಹದಲ್ಲಿ ಉಂಡು, ಮಠದ ಹಾಸ್ಟೆಲಿನಲ್ಲಿ ಓದಿ ಮುಂದೆ ಬಂದವರು ನಮ್ಮ ಎರಡೂ ಜಿಲ್ಲೆಗಳ ತುಂಬ ಇದ್ದಾರೆ. ಎಲ್ಲರೆದುರು ಎಣಿಸುವ ಹುಂಡಿ, ಊರಿಗೇ ಕಾಣುವ ಊಟದ ಪಂಕ್ತಿ, ಕೊಟ್ಟವನಿಗೂ ಕೊಡದವನಿಗೂ ಒಂದೇ ಪ್ರಸಾದ: ಇಲ್ಲಿ ದುಡ್ಡು ಎಲ್ಲಿ ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ. ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟವನ್ನು ಹರಾಜು ಕೂಗುವಾಗ ಎಷ್ಟಕ್ಕೆ ಯಾರು ಹಿಡಿದರು ಎಂಬುದು ಸಾವಿರಾರು ಜನರ ಎದುರೇ ಗೊತ್ತಾಗುತ್ತದೆ. ಅದೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತೆಂದು ಜನ ಹೇಳುವುದು ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು. ಮಾಡಿದ್ದಕ್ಕೆ ತಕ್ಕಷ್ಟು, ಸಾಲ ಮಾಡಿಸಿ ಅಲ್ಲ. ಶರಣರ ಕಾಲದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಆ ಹೊತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ವಾಪಸ್ ಸುರಿದು ಬಾ ಎಂದು ಕಳಿಸಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಹಾಗೆಂದು ಹಳೆಯ ಸಂಸ್ಥೆ, ದೊಡ್ಡ ಹೆಸರು ಎಂಬ ಕಾರಣಕ್ಕೆ ಲೆಕ್ಕ ಕೇಳದೆ ಬಿಡಬೇಕಿಲ್ಲ. ನಾನು ಮೇಲೆ ಹೇಳಿದ ಮೂರೂ ಪ್ರಶ್ನೆ ಮಠಕ್ಕೂ, ಮಸೀದಿಗೂ, ಚರ್ಚಿಗೂ ಒಂದೇ.

ದೇಣಿಗೆ ಕೊಡುವಾಗ ಏನೇನು ನೋಡಬೇಕು?

ರಸೀದಿಯಲ್ಲಿ ಟ್ರಸ್ಟಿನ ಪೂರ್ತಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಪಾನ್ ಇರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ‘80ಜಿ ಇದೆ’, ಅಂದರೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ, ಎಂದು ಬಾಯಲ್ಲಿ ಹೇಳಿದರೆ ಸಾಲದು, ಆದೇಶದ ಪ್ರತಿ ಕೇಳಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ‘ಚೆಕ್ ಬೇಡ, ಕ್ಯಾಶೇ ತನ್ನಿ’ ಎನ್ನುವವರಿಗೆ ಇದನ್ನು ಹೇಳಿ, ಮುಖ ನೋಡಿ.

ಅಪ್ಪ ಜಮೀನನ್ನೇ ಗುರುಗಳ ಹೆಸರಿಗೆ ಬರೆದುಕೊಡುತ್ತೇನೆ ಎನ್ನುತ್ತಿದ್ದಾರೆ. ತಡೆಯಬಹುದೇ?

ಮೊದಲು ಪಹಣಿ, ಋಣಭಾರ ಪತ್ರ ತೆಗೆಸಿ ಈಗಿನ ಸ್ಥಿತಿ ತಿಳಿದುಕೊಳ್ಳಿ. ಜಮೀನು ಅಪ್ಪನೇ ದುಡಿದು ಕೊಂಡದ್ದಾದರೆ ಕೊಡುವ ಹಕ್ಕು ಅವರದ್ದು. ಪಿತ್ರಾರ್ಜಿತವಾದರೆ ಗಂಡುಮಕ್ಕಳಿಗೂ, 2005ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ಅಷ್ಟನ್ನೂ ಒಬ್ಬರೇ ದಾನ ಮಾಡಲಾಗದು. ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿ ಬೇಕು. ಬಿಳಿ ಹಾಳೆಯಲ್ಲಿ ಬರೆಸಿಕೊಂಡದ್ದು ನಿಲ್ಲುವುದಿಲ್ಲ.

ಬರೆದುಕೊಟ್ಟಾಗಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಭಾರತೀಯ ಕರಾರು ಕಾಯ್ದೆಯ 16ನೇ ಕಲಂ ‘ಅನುಚಿತ ಪ್ರಭಾವ’ದ ಬಗ್ಗೆ ಹೇಳುತ್ತದೆ: ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವನು ಆ ಹಿಡಿತ ಬಳಸಿ ಲಾಭ ಪಡೆದರೆ ಆ ವ್ಯವಹಾರವನ್ನು ರದ್ದುಪಡಿಸಬಹುದು. ಗುರು–ಶಿಷ್ಯರ ಸಂಬಂಧಕ್ಕೆ ಇದು ಅನ್ವಯಿಸುತ್ತದೆ ಎಂಬುದು ಹೊಸ ಮಾತಲ್ಲ. 1890ರ ಸುಮಾರಿಗೇ ಅಲಹಾಬಾದ್ ಹೈಕೋರ್ಟ್, ಪರಲೋಕದ ಪುಣ್ಯಕ್ಕೆಂದು ವೃದ್ಧನೊಬ್ಬ ತನ್ನ ಆಸ್ತಿಯೆಲ್ಲವನ್ನೂ ಗುರುವಿಗೆ ಬರೆದುಕೊಟ್ಟ ಪತ್ರವನ್ನು ಮನ್ನು ಸಿಂಗ್ ಪ್ರಕರಣದಲ್ಲಿ ರದ್ದು ಮಾಡಿದೆ.

ತಡ ಮಾತ್ರ ಮಾಡಬೇಡಿ. ಇಂಗ್ಲೆಂಡಿನಲ್ಲಿ ಆಲ್‌ಕಾರ್ಡ್ ಎಂಬ ಮಹಿಳೆ ಕ್ರೈಸ್ತ ಸನ್ಯಾಸಿನಿಯರ ಸಂಘಕ್ಕೆ ಸೇರಿ ಆಸ್ತಿ ಕೊಟ್ಟು, 1879ರಲ್ಲಿ ಹೊರಬಂದು, 1885ರಲ್ಲಿ ದಾವೆ ಹೂಡಿದಳು. 1887ರಲ್ಲಿ ನ್ಯಾಯಾಲಯ ಪ್ರಭಾವದ ಮಾತನ್ನು ಒಪ್ಪಿತು. ಇಷ್ಟು ವರ್ಷ ಸುಮ್ಮನಿದ್ದೆಯಲ್ಲ ಎಂದು ಹಣ ಕೊಡಿಸಲಿಲ್ಲ. ನಮ್ಮಲ್ಲಿ ಪತ್ರ ರದ್ದತಿಗೆ, ಮೋಸ ತಿಳಿದಂದಿನಿಂದ ಸಾಮಾನ್ಯವಾಗಿ ಮೂರು ವರ್ಷ ಕಾಲಮಿತಿ. ಕೊನೆತನಕ ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಹಿರಿಯರಿಂದ ಮನೆ ಬರೆಸಿಕೊಂಡು ಕೈಬಿಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ಪ್ರಾರ್ಥನೆಯಿಂದ, ವಿಭೂತಿಯಿಂದ ಕಾಯಿಲೆ ಹೋಗುತ್ತದೆ, ಮಾತ್ರೆ ಬಿಡು ಎಂದಿದ್ದಾರೆ.

ಪ್ರಾರ್ಥನೆ ಮಾಡಿ. ಮಾತ್ರೆ ಬಿಡಬೇಡಿ. ಇನ್ಸುಲಿನ್ ಅಥವಾ ಫಿಟ್ಸ್, ಟಿ.ಬಿ., ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಕುತ್ತು. ದೆವ್ವ ಬಿಡಿಸುತ್ತೇವೆ ಎಂದು ಹೊಡೆಯುವುದು, ಹಾವು–ಚೇಳು ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ ಹಾಕುವುದು ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಒಂದರಿಂದ ಏಳು ವರ್ಷದವರೆಗೆ ಶಿಕ್ಷೆ ಇದೆ.

ಮಗಳಿಗೆ ಇಪ್ಪತ್ತೆರಡು. ಆಶ್ರಮದಲ್ಲೇ ಇರುತ್ತೇನೆ ಎಂದು ಹೋಗಿದ್ದಾಳೆ. ನಾಲ್ಕು ಜನ ಹೋಗಿ ಎಳೆದು ತರೋಣವೇ?

ಬೇಡ. ಹದಿನೆಂಟು ತುಂಬಿದವರಿಗೆ ಎಲ್ಲಿರಬೇಕು, ಏನು ನಂಬಬೇಕು ಎಂದು ತೀರ್ಮಾನಿಸುವ ಹಕ್ಕಿದೆ; 2018ರಲ್ಲಿ ಕೇರಳದ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಹೀಗೆ ಎಳೆದು ತಂದು, ಕೂಡಿಹಾಕಿ ‘ಮನಸ್ಸು ತಿರುಗಿಸುವ’ ಪದ್ಧತಿ ನಡೆಯಿತು. ಅದರ ಮುಂದಾಳು ಟೆಡ್ ಪ್ಯಾಟ್ರಿಕ್ ಜೈಲಿಗೆ ಹೋದ. ಎಳೆದು ತಂದರೆ, ‘ನಿನ್ನ ಮನೆಯವರೇ ನಿನ್ನ ಶತ್ರು’ ಎಂದು ಗುಂಪಿನವರು ಹೇಳಿದ್ದು ಮಗಳಿಗೆ ನಿಜವಾಗಿ ಕಾಣುತ್ತದೆ.

ಅವಳನ್ನು ಕೂಡಿಹಾಕಿದ್ದಾರೆ, ಭೇಟಿಗೂ ಬಿಡುತ್ತಿಲ್ಲ ಎಂಬ ಗಟ್ಟಿ ಕಾರಣವಿದ್ದರೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಡಿ. ಆಗದಿದ್ದರೆ ಕೂಡಿಹಾಕಿದವರನ್ನು ನ್ಯಾಯಾಲಯದ ಎದುರು ಕರೆತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹೈಕೋರ್ಟಿನಲ್ಲಿ ಇದೆ. ನಮ್ಮ ಎರಡೂ ಜಿಲ್ಲೆಗಳಿಗೆ ಅದು ಬೆಂಗಳೂರಿನ ಪೀಠ. ಅಪ್ರಾಪ್ತರಾದರೆ ಮಾತೇ ಬೇರೆ, ಆ ಕ್ಷಣವೇ 1098.

ಹಾಗಾದರೆ ಏನು ಮಾತನಾಡಬೇಕು? ಫೋನ್ ಮಾಡಿದರೆ ಜಗಳವೇ ಆಗುತ್ತದೆ.

ಗುರುವನ್ನು ಬೈಯಬೇಡಿ. ‘ನಿನ್ನ ಬುದ್ಧಿ ಕೆಟ್ಟಿದೆ’ ಎನ್ನಬೇಡಿ. ಮನೆಯ ಸಣ್ಣ ಸುದ್ದಿ ಹೇಳಿ: ಎಮ್ಮೆ ಈದಿದೆ, ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು, ದುಗ್ಗಮ್ಮನ ಜಾತ್ರೆಗೆ ಅತ್ತೆ ಬಂದಿದ್ದಾಳೆ, ನಿನ್ನನ್ನು ಕೇಳಿದಳು. ಹಳೆಯ ಗೆಳತಿಯೊಬ್ಬಳಿಗೆ ಆಗಾಗ ಮೆಸೇಜ್ ಹಾಕಲು ಹೇಳಿ. ಒಳಗಿರುವವರಿಗೆ ಹೊರಗಿನ ಒಂದು ದನಿಯಾದರೂ ಸಿಟ್ಟಿಲ್ಲದೆ ಕೇಳುತ್ತಿರಬೇಕು.

ಪ್ರಶ್ನೆ ಕೇಳುವುದಾದರೆ ಕುತೂಹಲದಿಂದ ಕೇಳಿ. ‘ಅಲ್ಲಿಂದ ಬಿಟ್ಟು ಹೋದವರ ಬಗ್ಗೆ ಏನು ಹೇಳುತ್ತಾರಮ್ಮ?’ ‘ನೀನು ಸೇರುವ ಮುಂಚೆ ಇದೆಲ್ಲ ಹೇಳಿದ್ದರಾ?’ ಉತ್ತರ ಬಂದ ಮೇಲೆ ವಾದಕ್ಕೆ ಇಳಿಯಬೇಡಿ, ಕೇಳಿಸಿಕೊಂಡು ಬಿಡಿ. ಅನುಮಾನ ಅವಳೊಳಗೇ ಹುಟ್ಟಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ವರ್ಷಗಳು. ದುಡ್ಡು ಮಾತ್ರ ಕಳಿಸಬೇಡಿ. ಬಟ್ಟೆ, ಔಷಧ, ಊರಿಗೆ ಬರಲು ಟಿಕೆಟ್ ಕಳಿಸಿ.

ಕೊಟ್ಟ ದುಡ್ಡು ವಾಪಸ್ ಬರುತ್ತದೆಯೇ?

ದಾನವೆಂದು ಮನಸಾರೆ ಕೊಟ್ಟದ್ದು ಬಹುತೇಕ ಬರುವುದಿಲ್ಲ. ಲಾಭ ಕೊಡುತ್ತೇವೆ ಎಂದು ಪಡೆದದ್ದು, ಸುಳ್ಳು ಹೇಳಿ ಪಡೆದದ್ದು, ಹೆದರಿಸಿ ಕಿತ್ತದ್ದು ಇವುಗಳಿಗೆ ದೂರು ನಿಲ್ಲುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಕರಪತ್ರ, ಅಡ ಇಟ್ಟ ಬಂಗಾರದ ಚೀಟಿ ಒಂದೂ ಬಿಸಾಡಬೇಡಿ. ಆನ್‌ಲೈನ್‌ನಲ್ಲಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆ ಮಾತ್ರ.

ದೂರು ಕೊಟ್ಟರೆ ಧರ್ಮದ ಗಲಾಟೆ ಆಗುವುದಿಲ್ಲವೇ?

ದೂರಿನಲ್ಲಿ ಧರ್ಮದ ಹೆಸರೇ ಬೇಕಿಲ್ಲ. ಯಾರು, ಯಾವ ದಿನ, ಎಷ್ಟು, ಏನು ಹೇಳಿ ಪಡೆದರು, ಅಷ್ಟೇ ಬರೆಯಿರಿ. ಸಂಘಟನೆಗಳ ಹುಡುಗರನ್ನು ಕರೆದುಕೊಂಡು ಪ್ರಾರ್ಥನೆಯ ಮನೆಗೋ ಆಶ್ರಮಕ್ಕೋ ನುಗ್ಗಿದರೆ ನಿಮ್ಮ ಮಗನ ಪ್ರಕರಣ ಅಲ್ಲಿಗೆ ಮುಗಿಯಿತು. ಆಮೇಲೆ ಊರಲ್ಲಿ ಉಳಿಯುವುದು ಗಲಾಟೆಯ ಪ್ರಕರಣ ಮಾತ್ರ, ಮೋಸ ಮಾಡಿದವರು ನೊಂದವರಾಗಿ ಎದ್ದು ನಿಲ್ಲುತ್ತಾರೆ.

ತಮ್ಮ ಬಿಟ್ಟು ಬಂದಿದ್ದಾನೆ. ಆದರೆ ಮಂಕಾಗಿ ಕೂತಿರುತ್ತಾನೆ.

ಅವನು ಕಳೆದುಕೊಂಡದ್ದು ದುಡ್ಡನ್ನಷ್ಟೇ ಅಲ್ಲ. ಗೆಳೆಯರು, ದಿನಚರಿ, ಬೆಳಗ್ಗೆ ಏಳಲು ಇದ್ದ ಕಾರಣ ಎಲ್ಲವೂ ಒಂದೇ ದಿನ ಹೋಗಿವೆ. ‘ನಾವು ಅವತ್ತೇ ಹೇಳಿರಲಿಲ್ಲವಾ’ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಕೂಡದು, ನೆಂಟರ ಮದುವೆಯಲ್ಲಿ ತಮಾಷೆಯಾಗಿಯೂ ಆಡಕೂಡದು. ಸಣ್ಣ ಕೆಲಸಕ್ಕೆ ಜೊತೆಗೆ ಕರೆಯಿರಿ. ನಿದ್ದೆ ಬಾರದಿರುವುದು, ಶಾಪ ತಟ್ಟುತ್ತದೆಂಬ ಹೆದರಿಕೆ, ಬದುಕು ಬೇಡ ಎಂಬ ಮಾತು ಕಂಡರೆ ಟೆಲಿ ಮಾನಸ್ 14416. ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಸಾಲ ಉಳಿದಿದ್ದರೆ ಬ್ಯಾಂಕಿಗೆ ಅವನೊಬ್ಬನನ್ನೇ ಕಳಿಸಬೇಡಿ. ಮ್ಯಾನೇಜರ ಎದುರು ನೀವೂ ಕೂತು, ಕಂತು ಚಿಕ್ಕದು ಮಾಡಿಸಿಕೊಳ್ಳಿ.

ನಾನೇ ನಾಲ್ಕು ಜನರನ್ನು ಸೇರಿಸಿದ್ದೆ. ಈಗ ಅವರಿಗೆ ಹೇಗೆ ಮುಖ ತೋರಿಸಲಿ?

ಒಳಗಿದ್ದವರಲ್ಲಿ ಬಹಳ ಜನ ಈ ಪ್ರಶ್ನೆ ತಂದಿದ್ದಾರೆ. ಒಬ್ಬೊಬ್ಬರನ್ನೇ ಖುದ್ದಾಗಿ ಕಾಣಿರಿ, ಗ್ರೂಪಿನಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಗುಂಪಿನವರು ನಿಮಗೆ ಏನು ಹೇಳಿಕೊಟ್ಟಿದ್ದರು, ನೀವು ಅದನ್ನು ಹೇಗೆ ಮುಂದೆ ಹೇಳಿದಿರಿ, ಎಲ್ಲಿ ನಿಮಗೆ ಅನುಮಾನ ಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಕೆಲವರು ಬೈಯುತ್ತಾರೆ, ಕೆಲವರು ನಿಮ್ಮ ಮೇಲೆಯೇ ಗುಂಪಿಗೆ ದೂರು ಹೇಳುತ್ತಾರೆ. ಅವರಲ್ಲಿ ಒಬ್ಬರು ದೂರು ಕೊಡಲು ಸಿದ್ಧರಾದರೆ, ಅವರ ಜೊತೆ ಠಾಣೆಗೆ ಹೋಗಿ ನಿಮ್ಮ ಹೇಳಿಕೆಯನ್ನೂ ಬರೆಸಿ. ಒಳಗಿನ ವ್ಯವಸ್ಥೆ, ಯಾರ ಖಾತೆಗೆ ಹಣ ಹೋಗುತ್ತಿತ್ತು, ಶಿಬಿರದ ಕೊನೆಗೆ ಫಾರಂ ಯಾರು ತುಂಬಿಸುತ್ತಿದ್ದರು ಎಂಬುದು ನಿಮಗೆ ಗೊತ್ತಿರುವಷ್ಟು ಹೊರಗಿನ ಯಾವ ವಕೀಲರಿಗೂ ಗೊತ್ತಿರುವುದಿಲ್ಲ. ಠಾಣೆಗೆ ಹೋಗುವ ಮುಂಚೆ ಅದನ್ನೆಲ್ಲ ತಾರೀಕು ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.